ಒಂದು ರೂಪಾಯಿಗೆ ಮಾರಿದ ಗರಗಸ

ಸಿದ್ಧಾರ್ಥನಗರ, ಮೈಸೂರು
ಭಾನುವಾರ, ೮ ಫೆಬ್ರವರಿ ೨೦೨೬

ಅಮ್ಮಾ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ಬೆಳಿಗ್ಗೆ ಫೋನಿನಲ್ಲಿ ಕೇಳಿ ಆಯಿತು, ಭುವನೇಶ್ವರದಲ್ಲಿ ಆಗಲೇ ಸೆಕೆ ಶುರುವಾಗಿದೆ ಅಂತ ನೀನು ಹೇಳಿಯೂ ಆಯಿತು. ಫೋನಿನಲ್ಲಿ ಹೇಳಲು ಆಗದ್ದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಾನು ಒಂದು ವಾಕ್ಯ ಮುಗಿಸುವುದರೊಳಗೆ ನೀನು 'ಸರಿ ಪುಟ್ಟಿ, ನೋಡೋಣ' ಅಂದುಬಿಡ್ತೀಯ, ಅಷ್ಟರಲ್ಲಿ ನಿನ್ನ ಬ್ಯಾಂಕಿನವರ ಇನ್ನೊಂದು ಕಾಲ್ ಬಂದುಬಿಡುತ್ತದೆ.

ಕನ್ನಡದಲ್ಲಿ ಬರೆದಿದ್ದಾಳಲ್ಲ ಅಂತ ಗಾಬರಿಯಾಗಬೇಡ. ಊಟಿಯ ಸ್ಕೂಲಿನಲ್ಲಿ ಪ್ರತಿ ಭಾನುವಾರ ಮನೆಗೆ ಇಂಗ್ಲಿಷಿನಲ್ಲಿ ಲೆಟರ್ ಬರೆಸುತ್ತಿದ್ದರು, ವಾರ್ಡನ್ ಓದಿದ ಮೇಲೆ ಕವರ್ ಅಂಟಿಸುತ್ತಿದ್ದರು. ಐದನೇ ಕ್ಲಾಸಿನಿಂದ ನಾನು ನಿನಗೆ ಬರೆದದ್ದೆಲ್ಲ 'ಐ ಆಮ್ ಫೈನ್' ಅಂತಲೇ ಶುರುವಾಗುತ್ತಿತ್ತು. ಈಗಲೂ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಕೈ ತಾನಾಗಿ ಅದನ್ನೇ ಬರೆಯುತ್ತದೆ. ಕನ್ನಡದಲ್ಲಿ ಆ ಅಭ್ಯಾಸ ಇನ್ನೂ ಬಂದಿಲ್ಲ. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ, ಮಾವನ ಹತ್ತಿರ ತಿದ್ದಿಸಿಲ್ಲ ಅಂತ ತಿಳಿದುಕೋ. ಈ ಕಾಗದವನ್ನು ಅವರು ಓದಬಾರದು.

ಸೆಪ್ಟೆಂಬರಿನಲ್ಲಿ ಮಾವನ ಅರವತ್ತರ ಶಾಂತಿಗೆ ನಿನಗೆ ರಜೆ ಸಿಗಲಿಲ್ಲ. ಅಲ್ಲಿ ಆದದ್ದನ್ನು ನಾನು ನಿನಗೆ ಅರ್ಧ ಮಾತ್ರ ಹೇಳಿದ್ದೆ. ಇನ್ನರ್ಧ ಹೇಳದಿದ್ದರೆ ಇವತ್ತು ಆದದ್ದು ನಿನಗೆ ಅರ್ಥವಾಗುವುದಿಲ್ಲ, ಆದ್ದರಿಂದ ಹಿಂದಿನಿಂದಲೇ ಬರುತ್ತೇನೆ.

ನಿನ್ನ ಅಣ್ಣ ಎಂಥವರು ಅಂತ ನಾನು ನಿನಗೆ ಹೇಳಬೇಕಾಗಿಲ್ಲ. ಸಂಸ್ಕೃತ ಮೇಷ್ಟ್ರಾಗಿ ರಿಟೈರ್ ಆಗುವವರೆಗೆ ಸೀಮೆಸುಣ್ಣಕ್ಕಿಂತ ಭಾರದ ಸಾಮಾನನ್ನು ಕೈಯಲ್ಲಿ ಹಿಡಿದವರಲ್ಲ. ಕ್ಯಾಲೆಂಡರಿಗೆ ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡ ಕಥೆಯನ್ನು ಅಂಬುಜತ್ತೆ ಇವತ್ತಿಗೂ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಕೊಡುತ್ತಾರೆ. ಅಂಥವರನ್ನು ನೀನೂ ಹುಬ್ಬಳ್ಳಿಯ ವಸಿಷ್ಠ ಮಾವನೂ ಶಾಂತಿಗೆ ಏನು ಬೇಕು ಅಂತ ಕೇಳಿದರೆ, ಬೆಳ್ಳಿ ಲೋಟ ಬೇಡ, ಶಾಲು ಬೇಡ, ಮರಗೆಲಸದ ಸಾಮಾನು ಕೊಡಿಸಿ ಅಂದರು. ನೀವಿಬ್ಬರೂ ಫೋನಿನಲ್ಲಿ ನಕ್ಕಿರಿ. ಆಮೇಲೆ ಎಂಟು ಸಾವಿರ ಒಟ್ಟುಮಾಡಿ ನನಗೆ ಕಳಿಸಿದಿರಿ. ಸಮನ್ವಿತಾ ಆರ್ಕಿಟೆಕ್ಚರ್ ಓದುತ್ತಿದ್ದಾಳೆ, ಅವಳಿಗೆ ಇದೆಲ್ಲ ಗೊತ್ತಿರುತ್ತೆ ಅಂದಿರಿ. ಅಮ್ಮ, ನಾನು ಆಗ ಕಾಲೇಜಿಗೆ ಸೇರಿ ಒಂದು ತಿಂಗಳಾಗಿತ್ತು ಅಷ್ಟೆ. ನನಗೆ ಗೊತ್ತಿದ್ದದ್ದು ಪೆನ್ಸಿಲ್ ಚೂಪು ಮಾಡುವುದು ಮಾತ್ರ.

ಸಂತೆಪೇಟೆಯಲ್ಲಿ ಪ್ರಭುಸ್ವಾಮಿ ಅನ್ನುವವರ ಹಾರ್ಡ್‌ವೇರ್ ಅಂಗಡಿ ಇದೆ. ಮೊದಲ ಸಲ ಹೋದಾಗ ಅವರು ಒಂದು ಕೆಂಪು ಪೆಟ್ಟಿಗೆ ಇಳಿಸಿ ನನ್ನ ಮುಂದಿಟ್ಟರು. ಒಳಗೆ ಕರೆಂಟಿನ ಡ್ರಿಲ್ಲು, ಅದರ ಸುತ್ತ ಹಲ್ಲಿನ ಡಾಕ್ಟರ ತಟ್ಟೆಯಲ್ಲಿ ಇಟ್ಟಂತೆ ನೂರು ಚೂರು ಸಾಮಾನು. ಸರಿಯಾಗಿ ಎಂಟು ಸಾವಿರದೊಳಗೆ ಬರುತ್ತಿತ್ತು. 'ಗಿಫ್ಟು ಅಂದ್ರೆ ಪೆಟ್ಗೆ ದೊಡ್ದಾಗಿರ್ಬೇಕು ಕಣಮ್ಮ. ಒಳಗಿರೋದನ್ನ ಯಾರ್ ನೋಡ್ತಾರೆ? ಫೋಟೋದಲ್ಲಿ ಕಾಣೋದು ಪೆಟ್ಗೆ ತಾನೇ' ಅಂದರು. ನಾನು ಯೋಚನೆ ಮಾಡಿ ಬರ್ತೀನಿ ಅಂತ ಬಂದೆ. ಇನ್ನೊಂದು ಸಲ ಹೋಗಿ ಮತ್ತೆ ಬರಿಗೈಯಲ್ಲಿ ಬಂದೆ. ಹಾಸ್ಟೆಲ್ಲಿನಲ್ಲಿ ಕೂತು ಸಿಕ್ಕಿದ ವಿಡಿಯೋಗಳನ್ನೆಲ್ಲ ನೋಡಿದೆ. ಒಬ್ಬ ಇದು ಇಲ್ಲದೆ ಕೆಲಸವೇ ಆಗದು ಅನ್ನುತ್ತಿದ್ದ, ಇನ್ನೊಬ್ಬ ಅದನ್ನೇ ಕಸದ ಬುಟ್ಟಿಗೆ ಹಾಕಿ ಅನ್ನುತ್ತಿದ್ದ. ಮತ್ತೆ ಹೋದಾಗ ಪ್ರಭುಸ್ವಾಮಿ ಸ್ಟೂಲು ಎಳೆದು ಹಾಕಿ, 'ಬಾಮ್ಮ, ಕೂತ್ಕೊ. ಇವತ್ತು ತಗೊಳಾಕ್ ಬಂದ್ಯಾ, ಇಲ್ಲ ಬರೀ ಅಟೆಂಡೆನ್ಸ್ ಹಾಕ್ಲಾ' ಅಂದರು.

ಆಗ ನನಗೆ ಒಂದು ವಿಷಯ ನೆನಪಾಯಿತು. ಎದುರುಮನೆಯವರು ಬಾಗಿಲು ಮಾಡಿಸುತ್ತಿದ್ದಾಗ ಮಾವ ಸಂಜೆಯ ವಾಕಿಂಗ್ ಬಿಟ್ಟು ಅಲ್ಲೇ ನಿಂತಿರುತ್ತಿದ್ದರಂತೆ. ಬಡಗಿ ತೋಪಡ ಎಳೆದಾಗ ಹಲಗೆಯ ಮೇಲಿಂದ ಸುರುಳಿ ಸುರುಳಿಯಾಗಿ ಏಳುತ್ತದಲ್ಲ ಮರದ ಸಿಪ್ಪೆ, ಅದರಲ್ಲಿ ಒಂದನ್ನು ಎತ್ತಿ ಜೇಬಿಗೆ ಹಾಕಿಕೊಂಡು ಬಂದಿದ್ದರು. ಅಂಗಿ ಒಗೆಯುವಾಗ ಅದು ಅತ್ತೆಗೆ ಸಿಕ್ಕಿತ್ತು. 'ಪಾಠ ಹೇಳೋ ವಯಸ್ಸಿನಲ್ಲಿ ಜೇಬಲ್ಲಿ ಪ್ರೇಮಪತ್ರ ಸಿಗಲಿಲ್ಲ, ಈಗ ಸಿಪ್ಪೆ ಸಿಕ್ತು ನೋಡು' ಅಂತ ಅತ್ತೆ ನನಗೆ ಹೇಳಿದ್ದರು. ಹಾಗಿದ್ದ ಮೇಲೆ ಮಾವನಿಗೆ ನೂರು ಚೂರು ಬೇಕಿರಲಿಲ್ಲ. ಬೇಕಿದ್ದದ್ದು ಆ ಸುರುಳಿ.

ಅಷ್ಟು ತಿಳಿದ ಮೇಲೆ ಉಳಿದದ್ದು ಸುಲಭವಾಯಿತು. ಒಂದು ಒಳ್ಳೆಯ ತೋಪಡ. ಅದರ ಅಲಗು ಮಸೆಯಲು ಸಾಣೆಕಲ್ಲು. ಗರಗಸ, ಮರದ ಕೊಡತಿ, ಮೂಲೆಮಟ್ಟ. ಉಳಿ ಮೂರು ಅಳತೆಯದು ತೆಗೆದಿಟ್ಟಿದ್ದೆ. ಕೊನೆಗೆ ಹಲಗೆ ಕಚ್ಚಿ ಹಿಡಿಯುವ ಕ್ಲ್ಯಾಂಪಿಗೆ ಬಂದಾಗ ದುಡ್ಡು ಒಂದಕ್ಕೆ ಮಾತ್ರ ಸಾಲುತ್ತಿತ್ತು. 'ಒಂದೇ ಕ್ಲ್ಯಾಂಪು ತಗೊಂಡೋಗೋದು ಒಂದೇ ಚಪ್ಲಿ ತಗೊಂಡೋದಂಗೆ' ಅಂದರು ಪ್ರಭುಸ್ವಾಮಿ. ಮೂರನೇ ಉಳಿ ವಾಪಸ್ ಇಟ್ಟು ಎರಡನೇ ಕ್ಲ್ಯಾಂಪ್ ತೆಗೆದುಕೊಂಡೆ. ಜೀವನದಲ್ಲಿ ನಾನೊಬ್ಬಳೇ ಮಾಡಿದ ಮೊದಲ ತೀರ್ಮಾನ ಅದು ಅನ್ನಿಸುತ್ತದೆ. ಸ್ಕೂಲು, ಹಾಸ್ಟೆಲ್ಲು, ಕೋರ್ಸು ಎಲ್ಲ ನೀನೇ ನೋಡಿ ಸೇರಿಸಿದ್ದಲ್ಲವಾ. ಇದು ದೂರಲ್ಲ, ಸುಮ್ಮನೆ ಹೇಳಿದೆ.

ಫೋಟೋ ಕಳಿಸಿದರೆ ವಸಿಷ್ಠ ಮಾವ 'ಎಂಟು ಸಾವಿರಕ್ಕೆ ಇಷ್ಟೇನಾ' ಅಂತ ಗ್ರೂಪಿನಲ್ಲಿ ಕೇಳಿದರು. ನೀನು ಒಂದು ಹೆಬ್ಬೆರಳು ಹಾಕಿದೆ. ಆ ಹೆಬ್ಬೆರಳನ್ನು ನಾನು ತುಂಬ ಹೊತ್ತು ನೋಡಿದೆ, ಅದರಲ್ಲಿ ಇನ್ನೇನಾದರೂ ಇದೆಯಾ ಅಂತ.

ಈಗ ನಾನು ಹೇಳದೆ ಬಿಟ್ಟದ್ದು. ಶಾಂತಿಯ ದಿನ ಉಡುಗೊರೆಗಳನ್ನು ಹಾಲಿನಲ್ಲಿ ಜಮಖಾನದ ಮೇಲೆ ಇಡುತ್ತಿದ್ದರು. ನನ್ನದು ನ್ಯೂಸ್‌ಪೇಪರಿನಲ್ಲಿ ಸುತ್ತಿದ ಗಂಟು. ಅತ್ತೆ ಅದನ್ನು ಎತ್ತಿ, 'ಏನೇ ಇದು, ಇಷ್ಟು ಭಾರ?' ಅಂದರು. ಹೇಳಿದೆ. ಅವರ ಮುಖ ಸಪ್ಪಗಾಯಿತು. 'ಅಯ್ಯೋ ಸಮು, ಶಾಂತಿ ದಿನ ಕಬ್ಬಿಣ ಕೊಡ್ತಾರೇನೇ? ಕಬ್ಬಿಣ ದಾನ ಮಾಡೋದು ಶನಿ ಬಿಡಿಸ್ಕೊಳ್ಳೋರು. ತಗೊಂಡವರಿಗೆ ಅದು ಅಂಟ್ಕೊಳ್ಳುತ್ತೆ ಅಂತಾರೆ' ಅಂದರು. ಬೈಯಲಿಲ್ಲ, ಹೆದರಿಕೊಂಡೇ ಹೇಳಿದರು. ಮನೆಯಲ್ಲಿ ಬೆಳೆದವರಿಗೆಲ್ಲ ಗೊತ್ತಿರುವ ವಿಷಯ ಅದು. ಹಾಸ್ಟೆಲ್ಲಿನಲ್ಲಿ ಬೆಳೆದವಳಿಗೆ ಯಾರು ಹೇಳುತ್ತಾರೆ? ಸುತ್ತ ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆ ಗಂಟು ಎತ್ತಿಕೊಂಡು ಬಸ್ ಹಿಡಿದು ಹೊರಟುಬಿಡಬೇಕು ಅನ್ನಿಸಿತು. ಇನ್ನು ಈ ಮನೆಗೆ ನನ್ನನ್ನು ಕರೆಯುವುದಿಲ್ಲ ಅಂತಲೂ ಅನ್ನಿಸಿತು.

ಮಾವ ಕಲಶದ ನೀರು ಹೊಯ್ಯಿಸಿಕೊಂಡು ಒದ್ದೆ ಪಂಚೆಯಲ್ಲೇ ಬಂದರು. ಗಂಟು ಬಿಚ್ಚಿದರು. ತೋಪಡದ ಬೆನ್ನನ್ನು ಒಂದು ಸಲ ಸವರಿದರು. ಆಮೇಲೆ ದಕ್ಷಿಣೆಯ ತಟ್ಟೆಯಿಂದ ಒಂದು ರೂಪಾಯಿ ತೆಗೆದು ನನ್ನ ಕೈಯಲ್ಲಿಟ್ಟು, 'ದಾನ ಅಲ್ಲ ಕಣೇ ಅಂಬುಜ, ವ್ಯಾಪಾರ. ಕೊಂಡ್ಕೊಂಡಿದೀನಿ. ಕೊಂಡಿದ್ದಕ್ಕೆ ಶನಿ ಬರಲ್ಲ' ಅಂದರು. ಅತ್ತೆ ಪುರೋಹಿತರ ಮುಖ ನೋಡಿದರು. ಪುರೋಹಿತರು ಊಟದ ಎಲೆ ಹಾಕಿದ್ದಾರಾ ಅಂತ ನೋಡುತ್ತಿದ್ದರು, ಆಗಬಹುದು ಅಂತ ತಲೆಯಾಡಿಸಿದರು. ಆಮೇಲೆ ಮಾವ ನನ್ನ ಕಡೆ ತಿರುಗಿ, 'ಅಂಗಡಿಯವಳು ಅಂದಮೇಲೆ ಮಾರಿ ಕೈತೊಳ್ಕೊಳ್ಳೋ ಹಾಗಿಲ್ಲ. ಭಾನುವಾರ ಭಾನುವಾರ ಬಂದು ಸಾಮಾನು ಹೇಗಿದೆ ನೋಡಬೇಕು. ಗ್ಯಾರಂಟಿ ಎಷ್ಟು ವರ್ಷ?' ಅಂದರು. ಒಂದು ವರ್ಷ ಮಾವ ಅಂದೆ. 'ನಿನ್ನ ಕೋರ್ಸು?' ಐದು ವರ್ಷ. 'ಹಾಗಾದ್ರೆ ಗ್ಯಾರಂಟೀನೂ ಐದು ವರ್ಷ' ಅಂದರು.

ಆ ರೂಪಾಯಿ ನನ್ನ ಜಾಮಿಟ್ರಿ ಬಾಕ್ಸಿನಲ್ಲಿದೆ.

ಭಾನುವಾರ ಸ್ಟುಡಿಯೋ ಇದೆ ಅಂತ ನಾನು ನಿನಗೆ ಹೇಳುತ್ತಿದ್ದದ್ದು ಇದನ್ನೇ. ಸುಳ್ಳು ಅಂತ ಅನ್ನಬೇಡ. ಮಾವನ ಮನೆಯ ಹಿಂದಿನ ಉಗ್ರಾಣವೇ ಈಗ ನಮ್ಮ ಸ್ಟುಡಿಯೋ. ಕಾಲೇಜಿನ ಮೊದಲ ಅಸೈನ್‌ಮೆಂಟ್ 'ಒಂದು ಕೋಣೆಯನ್ನು ಅಳೆದು ನಕ್ಷೆ ಬರೆಯಿರಿ' ಅಂತ ಇತ್ತಲ್ಲ, ನಾನು ಅಳೆದದ್ದು ಅದೇ ಕೋಣೆಯನ್ನು. ಗುಡ್ ಅಂತ ಬರೆಸಿಕೊಂಡ ಒಂದೇ ಒಂದು ಶೀಟು ಅದು. ನಿನಗೆ ಹೇಳದಿರುವುದಕ್ಕೆ ಕಾರಣ ನೀನು ಜೂನ್‌ನಲ್ಲಿ ಹೇಳಿದ ಮಾತು. ಸಮು ನಮ್ಮ ಮನೆಯಲ್ಲೇ ಇರಲಿ ಅಂತ ಮಾವ ಫೋನ್ ಮಾಡಿದಾಗ ಸ್ಪೀಕರ್ ಆನ್ ಆಗಿತ್ತು. ನೀನು 'ಬೇಡ ಅಣ್ಣ, ಅವಳಿಗೆ ಹಾಸ್ಟೆಲ್ ಅಭ್ಯಾಸ ಇದೆ' ಅಂದೆ. ಫೋನ್ ಇಟ್ಟ ಮೇಲೆ ನನಗೆ, ಹಬ್ಬಕ್ಕೆ ಹೋಗು, ಊಟ ಮಾಡು, ಬಾ, ಯಾರಿಗೂ ಹೊರೆ ಆಗಬೇಡ ಅಂದೆ. ನಾನು ಹೂಂ ಅಂದೆ. ಅಭ್ಯಾಸ ಇರುವುದು ನಿಜವೇ. ಊಟಿಯಲ್ಲಿ ಎಂಟು ವರ್ಷ, ಈಗ ಹೂಟಗಳ್ಳಿಯಲ್ಲಿ. ಕಾಲೇಜಿಗೆ ಹಾಸ್ಟೆಲ್ಲಿನಿಂದಲೂ ಮಾವನ ಮನೆಯಿಂದಲೂ ಅಷ್ಟೇ ದೂರ, ಅದನ್ನು ನಾನು ಯಾವತ್ತೋ ಮ್ಯಾಪಿನಲ್ಲಿ ನೋಡಿಟ್ಟಿದ್ದೇನೆ.

ಆ ಭಾನುವಾರಗಳು ಹೇಗಿರುತ್ತವೆ ಅಂತ ಹೇಳಲೇಬೇಕು. ಮಾವ ಅಲಗು ಮಸೆಯುವಾಗ ರಾಮಃ ರಾಮೌ ರಾಮಾಃ ಹೇಳುತ್ತಾರೆ, ಒಂದೊಂದು ರೂಪಕ್ಕೆ ಒಂದೊಂದು ಸಲ ಕಲ್ಲಿನ ಮೇಲೆ ಎಳೆತ. ಸಪ್ತಮಿ ವಿಭಕ್ತಿಗೆ ಬರುವಷ್ಟರಲ್ಲಿ ಅಲಗು ಹೊಳೆಯುತ್ತದೆ. ಮೊದಲು ಮಾಡಿದ್ದು ಊಟಕ್ಕೆ ಕೂರುವ ಮಣೆ. ಅದು ಒಂದು ಕಡೆ ಎತ್ತರ ಇತ್ತು, ಕೂತರೆ ತೂಗುತ್ತಿತ್ತು. 'ಮಣೆ ಕೇಳಿದ್ರೆ ತೊಟ್ಟಿಲು ಮಾಡಿದಾರೆ ನಿಮ್ ಮಾವ' ಅಂತ ಅತ್ತೆ ಅದನ್ನು ಉಪ್ಪಿನಕಾಯಿ ಜಾಡಿಯ ಕೆಳಗಿಟ್ಟರು. ನಾನು ಗರಗಸ ಎಳೆದರೆ ಗೆರೆ ಬಿಟ್ಟು ಆಚೆ ಹೋಗುತ್ತಿತ್ತು. ಮಾವ ಎಳೆದರೆ ಈಚೆ. ಇಬ್ಬರೂ ಸೇರಿ ಎಳೆದರೆ ನೇರ ಬರಬಹುದು ಅಂತ ಅತ್ತೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಮಧ್ಯಾಹ್ನ ಹುಳಿ ಅನ್ನ ತಿಂದು ಮೂವರೂ ನಡುಮನೆಯಲ್ಲಿ ಮಲಗುತ್ತಿದ್ದೆವು. ಏಳುವುದಕ್ಕೆ ಬೆಲ್ ಹೊಡೆಯುವುದಿಲ್ಲ ಇಲ್ಲಿ. ಮೊದಮೊದಲು ನನಗೆ ಅದೇ ಭಯವಾಗುತ್ತಿತ್ತು, ಏನೋ ತಪ್ಪಿಸಿಕೊಂಡೆ ಅಂತ.

ಡಿಸೆಂಬರಿನಲ್ಲಿ ಒಂದು ದಿನ ಶೀಟುಗಳನ್ನು ಸುತ್ತಿಕೊಂಡು ನೇರ ಇಲ್ಲಿಗೇ ಬಂದೆ. ಹಾಸ್ಟೆಲ್ಲಿನಲ್ಲಿ ಮೇಜು ಇಲ್ಲ, ಮಂಚದ ಮೇಲೇ ಬೋರ್ಡ್ ಇಟ್ಟು ಡ್ರಾಯಿಂಗ್ ಮಾಡುತ್ತೇನೆ. ಶೀಟು ಮಡಿಕೆ ಬಿದ್ದದ್ದಕ್ಕೆ ಕಾಲೇಜಿನ ಸ್ಟುಡಿಯೋ ಕ್ಲಾಸಿನಲ್ಲಿ ಎಲ್ಲರೆದುರು ಬೈಸಿಕೊಂಡಿದ್ದೆ. ಅಳಲಿಲ್ಲ. ಸರಿ, ಸ್ವಲ್ಪ ಅತ್ತುಬಿಟ್ಟೆ. ಮಾವ ಶೀಟು ಬಿಡಿಸಿ ನೋಡಿದರು. ಮುಂದಿನ ಭಾನುವಾರ ಬಂದಾಗ ಅಟ್ಟದ ಮೇಲಿದ್ದ ಹೊನ್ನೆಯ ಮಂಚದ ಹಲಗೆಗಳು ಕೆಳಗೆ ಬಂದಿದ್ದವು. ಅದು ನೀನು ಮದುವೆಗೆ ಮುಂಚೆ ಮಲಗುತ್ತಿದ್ದ ಮಂಚವಂತೆ. ಒಂದು ಹಲಗೆಯ ಹಿಂದೆ ಕಾಂಪಾಸಿನಿಂದ ಕೊರೆದ ನಿನ್ನ ಹೆಸರು 'ಮಾಲು' ಇತ್ತು. ಅಷ್ಟು ಮಾತ್ರ ತೋಪಡ ಹೊಡೆಯದೆ ಬಿಟ್ಟಿದ್ದಾರೆ. ಮೇಜಿನ ಕೆಳಗೆ ಕೈ ಹಾಕಿದರೆ ಸಿಗುತ್ತದೆ.

ಮೇಜು ಮಾಡಿಕೊಡ್ತೀನಿ, ಹಾಸ್ಟೆಲ್ಲಿಗೆ ತಗೊಂಡು ಹೋಗು ಅಂದರು. ಎರಡೂ ಪಕ್ಕ ಹಲಗೆ ಮುಚ್ಚಿ, ಮೇಲೆ ಪುಸ್ತಕಕ್ಕೆ ಗೂಡು ಇಟ್ಟು. ಅಗಲ ಇಪ್ಪತ್ನಾಲ್ಕು ಇಂಚು ಸಾಕು ಮಾವ ಅಂದೆ. 'ಶೀಟು ಅಂಚಿನಿಂದ ಜೋಲಬಾರದು, ಮೂವತ್ತಿರಲಿ' ಅಂದರು. ಒಂದೂ ಮೊಳೆ ಹಾಕಲಿಲ್ಲ. ಹಲಗೆಗಳು ಒಂದಕ್ಕೊಂದು ಕೂಡುವ ಜಾಗಗಳನ್ನು ಉಳಿಯಲ್ಲಿ ಕೆತ್ತಿ, ಗೋಂದು ಹಚ್ಚಿ, ಎರಡು ಕ್ಲ್ಯಾಂಪ್ ಬಿಗಿದು, ವಾರಕ್ಕೆ ಒಂದು ಪಕ್ಕದಂತೆ ಕೂರಿಸಿದೆವು. ಎರಡು ಕ್ಲ್ಯಾಂಪ್ ತಂದದ್ದು ಎಷ್ಟು ಒಳ್ಳೆಯದಾಯಿತು ಅಂತ ಮಾವ ಪ್ರತಿ ವಾರ ಹೇಳಿದರು. ಮೂರನೇ ಉಳಿ ಇದ್ದಿದ್ದರೆ ಚೆನ್ನಾಗಿತ್ತು ಅಂತ ಒಂದು ಸಲವೂ ಹೇಳಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನನಗೆ ಗೊತ್ತು.

ಇವತ್ತು ಮೇಜನ್ನು ಹೂಟಗಳ್ಳಿಗೆ ಸಾಗಿಸಬೇಕಿತ್ತು. ಸಿದ್ದಲಿಂಗಸ್ವಾಮಿ ಅಂತ ಲಗೇಜ್ ಆಟೋದವರು ಬಂದರು. ಮೂವರೂ ಹಿಡಿದು ಬಾಗಿಲ ಹತ್ತಿರ ತಂದೆವು. ಬಾಗಿಲಿಗೆ ಬಂದು ಮೇಜು ನಿಂತಿತು. ಅಡ್ಡ ಮಾಡಿದೆವು, ನಿಲ್ಲಿಸಿದೆವು, ಮಲಗಿಸಿದೆವು. ಹೇಗೆ ತಿರುಗಿಸಿದರೂ ಮೂವತ್ತು ಇಂಚಿನ ಮೇಜು, ಇಪ್ಪತ್ತೇಳು ಇಂಚಿನ ಬಾಗಿಲು. ಹಲಗೆ ಹಲಗೆಯಾಗಿ ಒಳಗೆ ಹೋದದ್ದು ಮೇಜಾದ ಮೇಲೆ ಹೊರಗೆ ಬರಲು ಒಪ್ಪಲಿಲ್ಲ. ಸಿದ್ದಲಿಂಗಸ್ವಾಮಿ ಟವೆಲಿನಿಂದ ಕತ್ತು ಒರೆಸಿಕೊಂಡು, 'ಸಾ, ಚೌಕಟ್ಟು ಕೀಳ್ಸ್‌ಬುಡಿ. ಇಲ್ದಿದ್ರೆ ಮೇಜು ಕುಯ್ಸ್‌ಬುಡಿ. ಎರ್ಡೂ ಬ್ಯಾಡಾಂದ್ರೆ ಇದು ಒಳಗೇ ಉಟ್ಟಿದ್ದು, ಒಳಗೇ ಬೆಳೀಲಿ' ಅಂದರು. ಬಾಡಿಗೆ ಬೇಡ ಅಂತ ಕಾಫಿ ಮಾತ್ರ ಕುಡಿದು ಹೋದರು.

ಅತ್ತೆಗೆ ನಗು ತಡೆಯಲಾಗಲಿಲ್ಲ. 'ಒಬ್ಬರು ಮೂವತ್ತೈದು ವರ್ಷ ಪಾಠ ಹೇಳಿದವರು. ಇನ್ನೊಬ್ಬಳು ಇದೇ ಕೋಣೆ ಅಳೆದು ಗುಡ್ ತಗೊಂಡವಳು. ಇಬ್ಬರಲ್ಲಿ ಒಬ್ಬರಿಗಾದ್ರೂ ಬಾಗಿಲು ನೆನಪಾಗ್ಲಿಲ್ವಲ್ಲ ಕಣ್ರೀ' ಅಂದರು. ಮಾವ ಮೇಜಿನ ಮೇಲೆ ಕೈಯಿಟ್ಟು ನೆಲ ನೋಡುತ್ತ ನಿಂತಿದ್ದರು. ನಾನೂ ನೆಲ ನೋಡಿದೆ. ಆಮೇಲೆ ಅತ್ತೆ ನಗು ನಿಲ್ಲಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, 'ಮೇಜು ಹೊರಗೆ ಹೋಗಲ್ಲ ಅಂದ್ರೆ ಏನಂತೆ, ಹುಡುಗಿ ಒಳಗೆ ಬರಬಹುದಲ್ಲ. ಉಗ್ರಾಣದಲ್ಲಿ ಒಂದು ಮಂಚಕ್ಕೆ ಜಾಗ ಇದೆ' ಅಂದರು. ಮಾವ, 'ಮಾಲೂನ ಕೇಳ್ಬೇಕು. ನಾನು ಒಂದ್ಸಲ ಕೇಳಿ ಆಗಿದೆ. ಮತ್ತೆ ಕೇಳಿದ್ರೆ ಬೇಜಾರು ಮಾಡ್ಕೊಳ್ತಾಳೆ' ಅಂದರು.

ಅದಕ್ಕೇ ನಾನು ಕೇಳುತ್ತಿದ್ದೇನೆ ಅಮ್ಮ. ನನಗೆ ಇಲ್ಲಿ ಇರಬೇಕು ಅನ್ನಿಸುತ್ತಿದೆ. ಹಾಸ್ಟೆಲ್ ಕೆಟ್ಟದ್ದು ಅಂತ ಅಲ್ಲ, ನೀನು ಕಳಿಸಿದ್ದು ತಪ್ಪು ಅಂತಲೂ ಅಲ್ಲ. ನೀನು ಊರಿಂದೂರಿಗೆ ಟ್ರಾನ್ಸ್‌ಫರ್ ಆಗುತ್ತಿದ್ದೆ, ಅಪ್ಪ ಹಡಗಿನಲ್ಲಿದ್ದರು, ಇನ್ನೇನು ಮಾಡಬಹುದಿತ್ತು ಅಂತ ನನಗೆ ಅರ್ಥವಾಗುತ್ತದೆ. ಆದರೆ ಹೊರೆ ಆಗಬೇಡ ಅಂದೆಯಲ್ಲ, ಆ ವಿಷಯ ಒಂದು ಹೇಳಲಾ? ಇವತ್ತು ಆ ಮೇಜನ್ನು ಬಾಗಿಲಿಂದ ಮತ್ತೆ ಒಳಕ್ಕೆ ತರುವಾಗ ಒಂದು ತುದಿ ನಾನು ಎತ್ತಿದೆ, ಇನ್ನೊಂದು ತುದಿ ಮಾವ. ತುಂಬ ಭಾರ ಇತ್ತು. ಆದರೆ ಇಬ್ಬರಲ್ಲಿ ಯಾರೂ ಇಳಿಸೋಣ ಅನ್ನಲಿಲ್ಲ.

ನೀನು ಬೇಡ ಅಂದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಭಾನುವಾರ ಬಂದು ಆ ಮೇಜಿನಲ್ಲಿ ಡ್ರಾಯಿಂಗ್ ಮಾಡಿ ಹೋಗುತ್ತೇನೆ, ಗ್ಯಾರಂಟಿ ಹೇಗೂ ಐದು ವರ್ಷ ಇದೆ. ಈ ಕಾಗದವನ್ನೂ ಅದೇ ಮೇಜಿನ ಮೇಲೇ ಬರೆಯುತ್ತಿದ್ದೇನೆ. ಅಲ್ಲಾಡುವುದಿಲ್ಲ. ಅತ್ತೆ ಬಂದು ಒಂದು ಸಲ ಒರಗಿ ಪರೀಕ್ಷೆ ಮಾಡಿ, ತೊಟ್ಟಿಲಲ್ಲ, ಪರವಾಗಿಲ್ಲ ಅಂತ ಹೇಳಿ ಹೋದರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಉತ್ತರಕ್ಕೆ ಹೆಬ್ಬೆರಳು ಬೇಡ, ಎರಡು ಸಾಲಾದರೂ ಬರೆ.

ಇಲ್ಲೂ ಅಲ್ಲೂ ಒಂದೊಂದು ಜೊತೆ ಚಪ್ಪಲಿ ಇಟ್ಟುಕೊಂಡಿರುವ
ನಿನ್ನ ಸಮು

ಮರೆತ ಮಾತು: ಎಲ್ಲರೂ ಕಾಫಿಗೆ ಹೋದಾಗ ನಾನು ಉಗ್ರಾಣದಲ್ಲಿ ಮರದ ಹೊಟ್ಟು ಗುಡಿಸುತ್ತಿದ್ದೆ. ಬಾಗಿಲ ಚೌಕಟ್ಟಿನ ಒಳಮೈಯನ್ನು ಒರೆಸಿದಾಗ, ಹೊಟ್ಟಿನ ಕೆಳಗೆ ಪೆನ್ಸಿಲಿನಲ್ಲಿ ಬರೆದದ್ದು ಕಾಣಿಸಿತು. ಮಾವನ ದುಂಡು ಅಕ್ಷರ. '೨೭. ಹಾಗಾದರೆ ೩೦ ಸಾಕು' ಅಂತ ಇದೆ. ನಾನು ಅಳಿಸಿಲ್ಲ, ಅತ್ತೆಗೂ ಹೇಳಿಲ್ಲ. ನೀನು ಫೋನ್ ಮಾಡಿದಾಗ ಅವರ ಮುಂದೆ ಬಾಯಿಬಿಡಬೇಡ. ನನ್ನ ವಿಷಯವನ್ನೂ ಹೇಳಬೇಡ. ಆ ಕೋಣೆಯ ನಕ್ಷೆ ಬರೆದವಳು ನಾನು, ಅಮ್ಮ. ಮಾವ ಮೂವತ್ತಿರಲಿ ಅಂದಾಗ ಟೇಪಿನ ಇನ್ನೊಂದು ತುದಿ ಹಿಡಿದಿದ್ದವಳೂ ನಾನೇ.